ಇಂದಿನ ಚಿಂತನೆ: ಮುಯ್ಯಿ ತೀರಿಸಲಾಗದವರ ಆರೈಕೆ

 

ವಿನಯ ಪಿಟಕದ ಮಹಾವಗ್ಗದಲ್ಲಿ ಕಾಯಿಲೆ ಬಿದ್ದ ಒಬ್ಬ ಭಿಕ್ಖುವಿನ ಪ್ರಸಂಗವಿದೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇದಕ್ಕೆ ಜಾಗ ಕೊಟ್ಟಿದ್ದಾರೆ. ಭೇದಿಯಾಗಿ ಆ ಭಿಕ್ಖು ತನ್ನ ಹೊಲಸಿನಲ್ಲೇ ಬಿದ್ದಿದ್ದ. ಅಲ್ಲಿಗೆ ಬಂದ ಭಗವಾನರು, ನಿನ್ನನ್ನು ನೋಡಿಕೊಳ್ಳುವವರಿಲ್ಲವೇ, ಯಾಕಿಲ್ಲ ಎಂದು ಕೇಳಿದರು. ನನ್ನಿಂದ ಉಳಿದ ಭಿಕ್ಖುಗಳಿಗೆ ಏನೂ ಉಪಯೋಗವಿಲ್ಲ, ಅದಕ್ಕೇ ಯಾರೂ ಬರುವುದಿಲ್ಲ ಎಂದನಾತ. ಭಗವಾನರು ನೀರು ಹೊಯ್ದರು, ಆನಂದ ಮೈ ತೊಳೆದರು. ತಲೆಯ ಕಡೆ ಒಬ್ಬರು, ಕಾಲಿನ ಕಡೆ ಒಬ್ಬರು ಹಿಡಿದೆತ್ತಿ ಮಂಚದ ಮೇಲೆ ಮಲಗಿಸಿದರು. ಹೊಲಸು ಬಳಿಯುವುದನ್ನು ಹುಟ್ಟಿನ ಕೆಲಸವೆಂದು ನಮ್ಮ ಹಿರಿಯರ ತಲೆಗೆ ಕಟ್ಟಿದ ದೇಶವಿದು. ಇದೇ ದೇಶದಲ್ಲಿ ಶಾಕ್ಯ ಕುಲದ ಇಬ್ಬರು ತಾವಾಗಿಯೇ ಅದಕ್ಕೆ ಕೈ ಹಾಕಿದರು. ಎಷ್ಟು ಸಲ ಓದಿದರೂ ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಇವತ್ತು ನನ್ನನ್ನು ಕಾಡುವುದು ಆ ರೋಗಿಯ ಉತ್ತರ. ನಾಟಿ ಕಾಲದ ಮುಯ್ಯಾಳು ನಮ್ಮ ಕೆಂಚನಗುಡ್ಡದ ಕಡೆ ಎಲ್ಲರಿಗೂ ಗೊತ್ತು. ಇವತ್ತು ನಾನು ನಿನ್ನ ಕೆಲಸಕ್ಕೆ, ನಾಳೆ ನೀನು ನನ್ನದಕ್ಕೆ. ಬಡವರು ಬದುಕಿದ್ದೇ ಹೀಗೆ, ಅದರಲ್ಲಿ ತಪ್ಪಿಲ್ಲ. ಆದರೆ ಲಕ್ವ ಹೊಡೆದು ಮಲಗಿದ ಅಜ್ಜಿ ಯಾರ ಮುಯ್ಯಿ ತೀರಿಸಿಯಾಳು?

2025ರ ಮಾರ್ಚ್‌ನಲ್ಲಿ ಬಂದ ಸುದ್ದಿ ನೆನಪಿರಬಹುದು. ಬೆಳಗಾವಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಯೊಂದರಲ್ಲೇ 150ಕ್ಕೂ ಹೆಚ್ಚು ವೃದ್ಧರನ್ನು ಮನೆಯವರು ಬಿಟ್ಟುಹೋಗಿದ್ದರು. ಅಂಥ ಮಕ್ಕಳಿಗೆ ಬರೆದುಕೊಟ್ಟ ಆಸ್ತಿಯನ್ನು ರದ್ದುಪಡಿಸಲು ಕ್ರಮ ಕೈಗೊಳ್ಳಿ ಎಂದು ಸಚಿವ ಶರಣಪ್ರಕಾಶ ಪಾಟೀಲರು ಸೂಚಿಸಿದರು. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ವಾಪಸ್ ಪಡೆಯಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ದಾರಿಯಿದೆ. ಒಳ್ಳೆಯದೇ. ಆದರೆ ರದ್ದು ಮಾಡಲು ಒಂದು ಗುಂಟೆಯೂ ಇಲ್ಲದ ತಾಯಿಗೆ? ನಮ್ಮ ಓಣಿಗಳಲ್ಲಿ ಅಂಥವರೇ ಹೆಚ್ಚು. ಅವಳೂ ಎಸಿ ಸಾಹೇಬರ ನ್ಯಾಯಮಂಡಳಿಗೆ ಜೀವನಾಂಶದ ಅರ್ಜಿ ಕೊಡಬಹುದು, ನಿಜ. ಮಗನೇ ದಿನಗೂಲಿಯವನಾದರೆ ಅವನೇನು ಕೊಟ್ಟಾನು?

ಹಾಸಿಗೆ ಹಿಡಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ. ಅದಕ್ಕೆ ಒಬ್ಬರು ಮನೆಯಲ್ಲೇ ಇರಬೇಕು. ಇದ್ದರೆ ಒಂದು ಕೂಲಿ ಹೋಯಿತು. ಆಸ್ಪತ್ರೆಯಲ್ಲಿ ಬಿಟ್ಟುಹೋದವರೆಲ್ಲ ಕಲ್ಲೆದೆಯವರೆಂದು ನಾನು ಹೇಳಲಾರೆ.

ಭಗವಾನರು ಆ ದಿನ ಭಿಕ್ಖುಗಳನ್ನು ಸೇರಿಸಿ ಏನು ಹೇಳಿದರೆಂದು ಗಮನಿಸಿ. ಗುರುವಿದ್ದರೆ ಗುರು ನೋಡಲಿ, ಶಿಷ್ಯನಿದ್ದರೆ ಶಿಷ್ಯ ನೋಡಲಿ. ಯಾರೂ ಇಲ್ಲದಿದ್ದರೆ ಸಂಘ ನೋಡಬೇಕು, ನೋಡದಿದ್ದರೆ ದೋಷ ಸಂಘದ್ದು. ಉಪಯೋಗವೇನು ಎಂಬ ಪ್ರಶ್ನೆಯೇ ಅಲ್ಲಿಲ್ಲ. ಇನ್ನೊಂದು ನಿಯಮವೂ ಇದೆ. ಭಿಕ್ಖು ತೀರಿಕೊಂಡರೆ ಅವನ ಚೀವರ, ಪಾತ್ರೆಗಳನ್ನು ಆರೈಕೆ ಮಾಡಿದವರಿಗೆ ಕೊಡಬಹುದು. ಪಡೆದವನು ತೀರಿಸಲಾರ, ಹಾಗೆಂದು ಮಾಡಿದವರನ್ನು ಬರಿಗೈಯಲ್ಲಿ ಕಳಿಸಬಾರದು. ವರ್ಷಗಟ್ಟಲೆ ಅತ್ತೆಯ ಬಟ್ಟೆ ಒಗೆದ ಸೊಸೆಗೆ ನಮ್ಮ ಮನೆಗಳಲ್ಲಿ ಸಿಕ್ಕಿದ್ದೇನು? 'ಅದು ಅವಳ ಕರ್ತವ್ಯ' ಎಂಬ ಒಂದು ಮಾತು.

ಕೇರಳದ ಮಲಪ್ಪುರಂ ಕಡೆ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ನೆರೆಹೊರೆಯವರೇ ತರಬೇತಿ ಪಡೆದು, ವಾರಕ್ಕೆ ಎರಡು ತಾಸಾದರೂ ಕೊಟ್ಟು, ನರ್ಸ್‌ಗಳ ಜೊತೆ ರೋಗಿಗಳ ಮನೆಗೆ ಹೋಗುತ್ತಾರೆ. ಭಾನುವಾರ ವಂದನೆಗೆ ಸೇರುವ ನಾವು ನಮ್ಮ ಓಣಿಯಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ಹೀಗೆ ಸರದಿ ಹಾಕಿಕೊಂಡರೆ, ಆ ಸೊಸೆ ಅಷ್ಟು ಹೊತ್ತು ನಿದ್ದೆಯಾದರೂ ಮಾಡಿಯಾಳು. ಮಗ್ಗುಲು ಬದಲಿಸುವುದನ್ನು, ಹುಣ್ಣು ನೋಡಿಕೊಳ್ಳುವುದನ್ನು ಆಸ್ಪತ್ರೆಯ ಸಿಸ್ಟರ್‌ಗಳನ್ನು ಕೇಳಿ ಕಲಿಯಬಹುದು. ಬರುವ ಭಾನುವಾರ ಒಂದು ನೋಟ್‌ಬುಕ್ ತರುತ್ತೇನೆ, ಹೆಸರು ಬರೆಸಿ. ಗಂಡಸರ ಹೆಸರೂ ಇರಲಿ.

ಜೈ ಭೀಮ್.