ಎರಡು ಚಕ್ರಗಳ ಆರ್ಜವ

‘ಋಜು’ ಎಂದರೆ ನೆಟ್ಟಗಿರುವುದು. ಅದರ ಭಾವವೇ ಆರ್ಜವ. ಗೀತೆಯ 13ನೆಯ ಅಧ್ಯಾಯದಲ್ಲಿ ಜ್ಞಾನಸಾಧನಗಳ ನಡುವೆಯೂ, 16ನೆಯ ಅಧ್ಯಾಯದಲ್ಲಿ ದೈವೀಸಂಪತ್ತಿನ ನಡುವೆಯೂ ಈ ಗುಣವನ್ನು ಎಣಿಸಿದೆ. ಮನಸ್ಸು, ಮಾತು, ನಡತೆಗಳು ಒಂದೇ ರೇಖೆಯಲ್ಲಿರುವುದೇ ಆರ್ಜವವೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಅದನ್ನು ಒಬ್ಬನೇ ಮನುಷ್ಯನ ಗುಣವೆಂದು ತಿಳಿಯುತ್ತೇವೆ. ಅದು ಸರಿಯೇ. ಆದರೆ ತಮ್ಮ ತಮ್ಮಲ್ಲಿ ನಿರ್ದುಷ್ಟವಾದ ಎರಡು ವಸ್ತುಗಳು ಕೂಡಿದಾಗ ಸೊಟ್ಟವು ಕಾಣಿಸಿಕೊಂಡರೆ, ಆ ಸೊಟ್ಟವು ಯಾರದು? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟುದು ಶಾಸ್ತ್ರಗ್ರಂಥವಲ್ಲ, ಒಂದು ಮೋಟಾರು ಸೈಕಲ್ಲು. ವಾಚಕರು ನಗುವುದಾದರೆ ನಕ್ಕು ಮುಂದೆ ಓದಬಹುದು.

1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿಗಳ ಮೇಲೆ ನಮ್ಮ ಸೀಮೆಯವರಿಗೆ ಇಂದಿಗೂ ಒಂದು ಮೋಹವಿದೆ. ಶಿವಮೊಗ್ಗೆಯಲ್ಲಿ ನಮ್ಮ ನೆರೆಮನೆಯ ಯುವಕನು ಅಂಥದೊಂದು ಹಳೆಯ ಯೆಜ್ಡಿಯ ಚೌಕಟ್ಟನ್ನು ಉಳಿಸಿಕೊಂಡು, ಅದರ 250 ಸಿ.ಸಿ.ಯ ಎರಡು ಸ್ಟ್ರೋಕಿನ ಎಂಜಿನನ್ನು ತೆಗೆದು, ಬೇರೊಂದು ಕಂಪೆನಿಯ ನಾಲ್ಕು ಸ್ಟ್ರೋಕಿನ ಎಂಜಿನನ್ನು ಕೂರಿಸಲು ಹೊರಟನು. ಅವನ ತಾಯಿ ಭದ್ರಾವತಿಯ ಶಾಲೆಯೊಂದರಲ್ಲಿ ಉಪಾಧ್ಯಾಯಿನಿ. ಅವರನ್ನು ಹಿಂದೆ ಕೂರಿಸಿಕೊಂಡು ಆ ಸುಮಾರು 20 ಕಿಲೋಮೀಟರು ದಾರಿಯನ್ನು ದಿನವೂ ಹೋಗಿಬರಬೇಕೆಂಬುದು ಅವನ ಆಸೆ. ಋಗ್ವೇದದಲ್ಲಿ ‘ಸುಖ’ವೆಂಬ ಶಬ್ದವು ರಥಕ್ಕೆ ವಿಶೇಷಣವಾಗಿ ಬರುತ್ತದೆ, ‘ಖ’ ಎಂದರೆ ಗಾಲಿಯಲ್ಲಿ ಅಚ್ಚು ತೂರುವ ರಂಧ್ರವೆಂದು ವಿದ್ವಾಂಸರು ಅರ್ಥಮಾಡುವರು. ತಾಯಿಗೆ ಸುಖವನ್ನು ಬಯಸಿದ ಹುಡುಗನು ಅಚ್ಚಿನ ಬಳಿಗೇ ಹೋದನೆಂದರೆ ತಪ್ಪಾಗದು.

ಎಂಜಿನಿನ ಬಲವು ಮುಂದಿನ ಚಿಕ್ಕ ಸ್ಪ್ರಾಕೆಟ್ಟಿನಿಂದ ಚೈನಿನ ಮೂಲಕ ಹಿಂದಿನ ದೊಡ್ಡ ಸ್ಪ್ರಾಕೆಟ್ಟಿಗೆ ಸೇರುತ್ತದೆ. ಇವೆರಡೂ ಒಂದೇ ಸಮತಲದಲ್ಲಿ ನಿಲ್ಲಬೇಕು. ಮೂಲದ ಗಾಡಿಯಲ್ಲಿ ಇದನ್ನು ಕಾರ್ಖಾನೆಯೇ ನೋಡಿಕೊಂಡಿರುತ್ತದೆ. ಪರಕೀಯ ಎಂಜಿನು ಬಂದೊಡನೆ ಆ ಭರವಸೆ ತಪ್ಪುತ್ತದೆ. ಚೈನಿನ ಅಳತೆಯೇ ಬೇರೆಯಾದರೆ ಚಿಂತೆಯಿಲ್ಲ. 428ರ ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ 12.7 ಮಿ.ಮೀ., 520ರಲ್ಲಿ 15.875 ಮಿ.ಮೀ.; ಒಂದರ ಹಲ್ಲಿಗೆ ಇನ್ನೊಂದು ಕೂರುವುದೇ ಇಲ್ಲ, ಆದಕಾರಣ ಯಾರೂ ಮೋಸಹೋಗುವುದಿಲ್ಲ. ಮುಂದಿನ ಸ್ಪ್ರಾಕೆಟ್ಟು ನಾಲ್ಕು ಮಿ.ಮೀ. ಹೊರಗೆ ನಿಂತಾಗಲೇ ಅಪಾಯ. ಚೈನು ಏರುತ್ತದೆ, ತಿರುಗುತ್ತದೆ, ಗಾಡಿ ಓಡುತ್ತದೆ. ತಿಂಗಳುಗಳು ಕಳೆದಮೇಲೆ ಹಲ್ಲುಗಳು ಒಂದೇ ಪಕ್ಕದಲ್ಲಿ ಸವೆಯುತ್ತವೆ. ಕೊಂಡಿಗಳ ಒಳಮೈ ಒಂದೇ ಕಡೆ ಹೊಳೆಯುತ್ತದೆ. ಕೊನೆಗೆ ಚೈನು ಜಾರಿಯೋ ತುಂಡಾಗಿಯೋ ಓಡುವ ಗಾಲಿಯನ್ನೇ ಹಿಡಿದು ನಿಲ್ಲಿಸಬಹುದು. ಕಾರ್ಯದಿಂದ ಕಾರಣವನ್ನು ಊಹಿಸುವುದಕ್ಕೆ ನೈಯಾಯಿಕರು ಶೇಷವತ್ ಅನುಮಾನವೆನ್ನುವರು. ಇಲ್ಲಿ ಅದು ನೆರವಿಗೆ ಬರುವುದು ಬಹಳ ತಡವಾಗಿ. ಹಳೆಯ ಜಾವಾ ಜಾತಿಯ ಗಾಡಿಗಳಲ್ಲಂತೂ ಚೈನು ಪೂರ್ತಿ ಮುಚ್ಚಿದ ಪೆಟ್ಟಿಗೆಯೊಳಗಿರುವುದರಿಂದ ಸವೆತವು ಕಣ್ಣಿಗೇ ಬೀಳದು.

ಎಂಜಿನನ್ನು ಕೂರಿಸಿದ ಮೆಕ್ಯಾನಿಕ್ಕನು ಒಂದು ಉಪಾಯವನ್ನು ಹೇಳಿದನು. ಹಿಂದಿನ ಗಾಲಿಯ ಅಚ್ಚನ್ನು ಒಂದು ಪಕ್ಕದಲ್ಲಿ ಕೊಂಚ ಹಿಂದಕ್ಕೆ ಎಳೆದರೆ ದೊಡ್ಡ ಸ್ಪ್ರಾಕೆಟ್ಟು ಚಿಕ್ಕದರ ಕಡೆಗೆ ಮುಖ ತಿರುಗಿಸುತ್ತದೆ. ನೋಡುವವರಿಗೆ ಚೈನು ನೆಟ್ಟಗಾಯಿತು. ಆದರೆ ಆಗ ಹಿಂದಿನ ಗಾಲಿಯೇ ಮುಂದಿನ ಗಾಲಿಯ ಜಾಡಿನಿಂದ ಓರೆಯಾಗುತ್ತದೆ. ದೋಷವು ತೊಲಗಲಿಲ್ಲ, ಮನೆ ಬದಲಾಯಿಸಿತು. ಸಂಸಾರಸ್ಥರಿಗೆ ಇದು ಹೊಸದಲ್ಲ. ಅತ್ತೆಯೂ ಒಳ್ಳೆಯವಳು, ಸೊಸೆಯೂ ಒಳ್ಳೆಯವಳು. ಮನೆಯಲ್ಲಿ ಮಾತ್ರ ದಿನವೂ ಕಿರಿಕಿರಿ. ಆಗ ಇಬ್ಬರಲ್ಲಿ ಒಬ್ಬಳನ್ನು ಬಗ್ಗಿಸಿ ಶಾಂತಿಯನ್ನು ಕೊಳ್ಳುತ್ತೇವೆ. ಬಗ್ಗಿದವಳು ಇನ್ನೆಲ್ಲಿ ಓರೆಯಾಗಿ ನಡೆಯುವಳೆಂಬುದನ್ನು ವಿಚಾರಿಸುವುದಿಲ್ಲ. ಸಂಬಂಧವನ್ನು ಕುದುರಿಸಿದ ಹಿರಿಯರು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತಿರುತ್ತಾರೆ.

ವೈಶೇಷಿಕರ ಇಪ್ಪತ್ತನಾಲ್ಕು ಗುಣಗಳಲ್ಲಿ ಸಂಯೋಗವೂ ಒಂದು. ಬಣ್ಣವು ಒಂದು ದ್ರವ್ಯದಲ್ಲಿರುತ್ತದೆ. ಸಂಯೋಗವಾದರೋ ಎರಡು ದ್ರವ್ಯಗಳಲ್ಲಿ ಒಟ್ಟಿಗೆ ಇರುತ್ತದೆ. ಅದು ಹುಟ್ಟುವುದು ಒಂದರ ಅಥವಾ ಎರಡರ ಕರ್ಮದಿಂದ. ಇಲ್ಲಿ ಕರ್ಮವೆಂದರೆ ಚಲನೆ, ಪುಣ್ಯಪಾಪವಲ್ಲ. ಆದರೆ ಕಬ್ಬಿಣವು ತಾನಾಗಿ ಚಲಿಸದು. ಚಲಿಸಿದ ಕೈಯೊಂದು ಇದ್ದೇ ಇದೆ. ಸ್ಪ್ರಾಕೆಟ್ಟುಗಳೆರಡೂ ನಿರ್ದೋಷಿಗಳಾದಮೇಲೆ ಹೊಣೆಯು ಕೂಡಿಸಿದವನದೆಂದೇ ನನ್ನ ಸಿದ್ಧಾಂತ. ಅವನು ‘ಭಾಗಗಳು ಒಳ್ಳೆಯವೇ ಆಗಿದ್ದುವು’ ಎಂದು ಹೇಳಿ ಪಾರಾಗುವಂತಿಲ್ಲ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸಬಹುದು: ಜಗತ್ತಿನಲ್ಲಿ ಪೂರ್ಣವಾಗಿ ನೆಟ್ಟಗಿರುವುದು ಯಾವುದು? ಚೈನಿನಲ್ಲಿಯೇ ಸಡಿಲವಿಲ್ಲವೆ? ಇದೆ, 20ರಿಂದ 30 ಮಿ.ಮೀ.ವರೆಗೆ ಅದು ಮೇಲಕ್ಕೂ ಕೆಳಕ್ಕೂ ಆಡಬೇಕು. ಹಳ್ಳದಿಣ್ಣೆಗಳಲ್ಲಿ ಗಾಲಿಯು ಏರಿಳಿಯುವಾಗ ಆ ಸಡಿಲವಿಲ್ಲದಿದ್ದರೆ ಬಿಗಿದ ಚೈನೇ ಮೊದಲು ಕೆಡುತ್ತದೆ. ಆದರೆ ಮೇಲುಕೆಳಗಿನ ಸಡಿಲವು ದಾರಿಯ ಸಲುವಾಗಿ ಬಿಟ್ಟದ್ದು; ಪಕ್ಕದ ಓರೆಯು ಕೆಲಸಗಾರನ ಸಲುವಾಗಿ ಬಿಟ್ಟದ್ದು. ಪಕ್ಕಕ್ಕೂ ಚೈನು ತುಸು ಸಹಿಸುತ್ತದೆ, ನಿಜ. ಆ ಸಹನೆಯು ಚೈನಿನ ಸ್ವತ್ತು. ಅದನ್ನು ತನ್ನ ಸೋಮಾರಿತನಕ್ಕಾಗಿ ಖರ್ಚುಮಾಡಲು ಮೆಕ್ಯಾನಿಕ್ಕನಿಗೆ ಅಧಿಕಾರವಿಲ್ಲ.

ಯುವಕನ ಅದೃಷ್ಟಕ್ಕೆ ಭದ್ರಾವತಿಯ ಒಬ್ಬ ವೃದ್ಧ ಫಿಟ್ಟರರು ದೊರೆತರು. 1918ರಲ್ಲಿ ನಿರ್ಮಾಣಕ್ಕೆ ತೊಡಗಿ 1923ರಲ್ಲಿ ಕಬ್ಬಿಣವನ್ನು ಕರಗಿಸಿದ ಅಲ್ಲಿಯ ಕಾರ್ಖಾನೆಯು ಉಕ್ಕಿನೊಡನೆ ಇಂಥ ಕೈಗಳನ್ನೂ ತಯಾರಿಸಿತು. ಹಲವು ಗಾಡಿಗಳಲ್ಲಿ ಸ್ವಿಂಗ್ ಆರ್ಮಿನ ಎರಡು ಪಕ್ಕಗಳಲ್ಲಿಯೂ ಗುರುತಿನ ಗೆರೆಗಳಿರುತ್ತವೆ. ಅವರು ಗೆರೆಗಳನ್ನು ನಂಬುವವರಲ್ಲ. ಸ್ವಿಂಗ್ ಆರ್ಮ್ ತಿರುಗುವ ಪಿನ್ನಿನ ನಡುವಿನಿಂದ ಹಿಂದಿನ ಅಚ್ಚಿನ ನಡುವಿಗೆ ಎರಡು ಪಕ್ಕಗಳಲ್ಲಿಯೂ ಅಳೆದು ಗಾಲಿಯನ್ನು ಮೊದಲು ನೆಟ್ಟಗೆ ನಿಲ್ಲಿಸಿದರು. ಆಮೇಲೆ ದೊಡ್ಡ ಸ್ಪ್ರಾಕೆಟ್ಟಿನ ಮೈಗೆ ದಾರವನ್ನು ತಾಗಿಸಿ ಮುಂದಕ್ಕೆ ಎಳೆದು ಹಿಡಿದರು. ಗೆರೆಯು ಶಬ್ದಪ್ರಮಾಣ, ದಾರವು ಪ್ರತ್ಯಕ್ಷ. ಆಪ್ತವಾಕ್ಯವಾದರೂ ಗಾಡಿ ಒಮ್ಮೆ ಬಿದ್ದೆದ್ದಮೇಲೆ ಅದನ್ನು ಪರೀಕ್ಷಿಸಬೇಕಷ್ಟೆ.

“ಯಜಮಾನ್ರೇ, ಹೇಗೂ ಮುಚ್ಚಿಹೋಗೋ ಜಾಗ, ಯಾರು ನೋಡ್ತಾರೆ?” ಎಂದನು ಹುಡುಗ.

“ನಿನ್ನ ಅಮ್ಮ ಅದರ ಮೇಲೆ ಕೂರ್ತಾರಲ್ಲಪ್ಪ” ಎಂದರು ಅವರು, ದಾರದಿಂದ ಕಣ್ಣು ತೆಗೆಯದೆ.

ಎಂಜಿನನ್ನು ಇಳಿಸಿ, ಅದನ್ನು ಹಿಡಿಯುವ ಪಟ್ಟಿಗಳನ್ನು ಕತ್ತರಿಸಿ, ಲೇತಿನಲ್ಲಿ ಹೊಸ ಬುಷ್ಷುಗಳನ್ನು ಕಡೆಸಿ, ನಾಲ್ಕು ಮಿ.ಮೀ. ಒಳಕ್ಕೆ ಸರಿಸಿ ಕೂರಿಸುವುದರಲ್ಲಿ ಐದು ದಿನ ಹಿಡಿಯಿತು. ಪೆಟ್ಟಿಗೆಯ ಮುಚ್ಚಳವನ್ನು ಹಾಕಿದಮೇಲೆ ಆ ಐದು ದಿನಗಳ ಸುಳಿವೂ ಹೊರಗೆ ಕಾಣಲಿಲ್ಲ.

ಸಂಗತಿಯು ಇಷ್ಟಕ್ಕೇ ಮುಗಿದಿದ್ದರೆ ಲೇಖನವೂ ಸುಖಾಂತವಾಗುತ್ತಿತ್ತು. ಆದರೆ ಇನ್ನೊಂದು ಸಂಯೋಗವಿದೆ: ಗಾಡಿಗೂ ಕಾಗದಕ್ಕೂ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದೆನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಕಟ್ಟುನಿಟ್ಟಾಗಿಯೇ ಅರ್ಥಮಾಡಿತು. ವಸ್ತುವು ಹೇಗಿದೆಯೋ ಹಾಗೆ ತಿಳಿಯುವುದು ಯಥಾರ್ಥಜ್ಞಾನ. ಪತ್ರದಲ್ಲಿ ಒಂದು ಎಂಜಿನು, ಚೌಕಟ್ಟಿನಲ್ಲಿ ಇನ್ನೊಂದು ಎಂದಾದರೆ ಆ ಪತ್ರವನ್ನು ನಂಬುವ ಪೊಲೀಸಿನವನೂ, ವಿಮೆಯವನೂ, ನಾಳೆ ಅದನ್ನು ಕೊಳ್ಳುವವನೂ ಅಯಥಾರ್ಥವನ್ನೇ ತಿಳಿಯುತ್ತಾರೆ. ಕಾಯಿದೆಯು ಕೈಕಸುಬಿನವರ ವಿಷಯದಲ್ಲಿ ತುಸು ಕಠಿನವಾಯಿತೆಂದು ನನಗೂ ಅನಿಸುವುದುಂಟು. ಆದರೆ ಕಠಿನವೆಂಬ ಕಾರಣದಿಂದ ಪತ್ರವು ನಿಜವಾಗುವುದಿಲ್ಲ.

ಇದನ್ನು ಹೇಳಿದಾಗ ಹುಡುಗನ ಮುಖ ಬಾಡಿತು. “ಚೈನು ಕೂದಲೆಳೆಯಷ್ಟೂ ಸೊಟ್ಟಗಿಲ್ಲ ಮೇಷ್ಟ್ರೇ” ಎಂದನು. ಇರಲಿಲ್ಲ; ನಾನೇ ದಾರವನ್ನು ಹಿಡಿದು ನೋಡಿದ್ದೆನು. ಅವನು ಹಳೆಯ ಎಂಜಿನನ್ನು ಗುಜರಿಗೆ ಹಾಕಿರಲಿಲ್ಲ. ಅದನ್ನು ದುರಸ್ತಿಮಾಡಿಸಿ ಮರಳಿ ಕೂರಿಸಲು ಎಷ್ಟು ಖರ್ಚಾದೀತೆಂದು ಈಗ ವಿಚಾರಿಸುತ್ತಿದ್ದಾನೆ. ಗಾಡಿ ಅಂಗಳದಲ್ಲಿದೆ. ತಾಯಿ ಬೆಳಗಿನ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿಬರುತ್ತಾರೆ.