ಅಳಿಯದ ಲೆಕ್ಕ

ಯಮಧರ್ಮನ ಆಸ್ಥಾನದಲ್ಲಿ ಕುಳಿತು ಜೀವಿಗಳ ಪಾಪಪುಣ್ಯಗಳನ್ನು ಒಂದಕ್ಷರವೂ ತಪ್ಪದಂತೆ ಬರೆದಿಡುವ ಚಿತ್ರಗುಪ್ತನನ್ನು ಕಲ್ಪಿಸಿದ ನಮ್ಮ ಪುರಾಣಕಾರರು, ಆ ಲೆಕ್ಕದ ಓದನ್ನು ಮರಣಾನಂತರಕ್ಕೆ ಮೀಸಲಿಟ್ಟು ಬದುಕಿರುವವರಿಗೆ ದೊಡ್ಡ ಉಪಕಾರವನ್ನೇ ಮಾಡಿದರೆನ್ನಬೇಕು. ಈಗ ದಾಖಲೆಗಳನ್ನು ಗುಟ್ಟಾಗಿ ತಿದ್ದಲಾಗದಂತೆ ಸರಪಳಿಯಾಗಿ ಪೋಣಿಸುವ ಬ್ಲಾಕ್‌ಚೈನ್ ಎಂಬ ತಂತ್ರವು ಅಂಥದೊಂದು ಲೆಕ್ಕವನ್ನು ಆಸ್ಪತ್ರೆಯೊಳಗೇ ತೆರೆಯಲು ಉದ್ಯುಕ್ತವಾಗಿರಲು, ರೋಗಿಯ ಕುರಿತು ಒಮ್ಮೆ ಬರೆದುದು ಎಂದೆಂದಿಗೂ ಅಳಿಯದಿರುವುದು ಧರ್ಮವೇ ಎಂಬ ಪ್ರಶ್ನೆ ಏಳುತ್ತದೆ.

ಕರ್ಮದ ಲೆಕ್ಕದಲ್ಲಿ ಜೈನರಷ್ಟು ನಿಷ್ಠುರರು ವಿರಳ. ಆದರೂ ಅವರ ಶಾಸ್ತ್ರದಲ್ಲಿ ಕರ್ಮವು ಆತ್ಮಕ್ಕೆ ಅಂಟುವಾಗಲೇ ಅದರ ಪ್ರಕೃತಿಯೊಡನೆ ಸ್ಥಿತಿಯೂ, ಅಂದರೆ ಎಷ್ಟು ಕಾಲ ಅದು ಉಳಿಯತಕ್ಕದ್ದೆಂಬ ಅವಧಿಯೂ, ನಿಶ್ಚಿತವಾಗುತ್ತದೆ. ಫಲವಿತ್ತ ಕರ್ಮ ಕಳಚಿಬೀಳುತ್ತದೆ. ತಪಸ್ಸಿನಿಂದ ಅವಧಿಗೆ ಮುನ್ನವೇ ಅದನ್ನು ಉದುರಿಸಲೂಬಹುದು. ಇದನ್ನೇ ಅವರು ನಿರ್ಜರೆಯೆಂದರು. ಯೌವನದಲ್ಲೊಮ್ಮೆ ಚಿತ್ತವಿಕಾರಕ್ಕೆ ಚಿಕಿತ್ಸೆ ಪಡೆದು ಗುಣವಾದವನ ಕಡತಕ್ಕೆ ಮಾತ್ರ ನಿರ್ಜರೆಯಿಲ್ಲವೆಂದರೆ, ಯಂತ್ರವು ಕರ್ಮಕ್ಕಿಂತಲೂ ಕಠೋರವಾದಂತಾಯಿತು.

ಈ ಆತಂಕವನ್ನು ಮನಸ್ಸಿನಲ್ಲಿಟ್ಟುಕೊಂಡು ಎಸ್ಟೋನಿಯದ ಕಡೆ ನೋಡಿದರೆ ಸಂಗತಿ ಬೇರೆಯಾಗಿಯೇ ತೋರುತ್ತದೆ. 2007ರಲ್ಲಿ ತನ್ನ ಗಣಕಜಾಲದ ಮೇಲೆ ನಡೆದ ದಾಳಿಯಿಂದ ತತ್ತರಿಸಿದ್ದ ಆ ಪುಟ್ಟ ದೇಶ, 2016ರಲ್ಲಿ ಗಾರ್ಡ್‌ಟೈಮ್ ಸಂಸ್ಥೆಯ ನೆರವಿನಿಂದ 10 ಲಕ್ಷಕ್ಕೂ ಮಿಕ್ಕ ಆರೋಗ್ಯದಾಖಲೆಗಳ ರಕ್ಷಣೆಗೆ ಈ ತಂತ್ರವನ್ನು ತೊಡಗಿಸಲು ಮುಂದಾಯಿತು. ರೋಗದ ವೃತ್ತಾಂತವೆಲ್ಲ ಆ ಸರಪಳಿಯ ಹೊರಗೇ ಉಳಿದು, ಅದರಿಂದ ಗಣಿತಕ್ರಮದಲ್ಲಿ ಪಡೆದ ಹ್ಯಾಶ್ ಎಂಬ ಬೆರಳಗುರುತಷ್ಟೇ ಒಳಗೆ ಸೇರುತ್ತದೆ. ದಾಖಲೆಯಲ್ಲಿ ‘ಇಲ್ಲ’ ಎಂದಿದ್ದುದು ‘ಇದೆ’ ಎಂದಾದರೆ ಸಾಕು, ಗುರುತು ಪೂರ್ತಿ ಬದಲಾಗಿ ಕೈವಾಡ ಬಯಲಾಗುತ್ತದೆ. ಆದರೆ ಆ ಗುರುತನ್ನು ಎಷ್ಟು ದಿಟ್ಟಿಸಿದರೂ ರೋಗ ಯಾವುದೆಂದು ತಿಳಿಯದು. ತನ್ನ ಕಡತವನ್ನು ಯಾರು, ಯಾವಾಗ ತೆರೆದು ನೋಡಿದರೆಂಬುದನ್ನು ರೋಗಿಯು ಮನೆಯಲ್ಲಿ ಕುಳಿತೇ ಕಾಣಬಲ್ಲನು. ಅಳಿಯದ ಲೆಕ್ಕವೊಂದು ಇರಲೇಬೇಕೆಂದಾದರೆ, ನನ್ನ ಮಟ್ಟಿಗೆ, ಅದು ಹೀಗೆ ಅನ್ಯರ ದೇಹದ ಗುಟ್ಟಿನ ಮೇಲೆ ಅಧಿಕಾರವುಳ್ಳವರ ನಡತೆಗೇ ಮೊದಲು ಅನ್ವಯಿಸತಕ್ಕದ್ದು.

ಸರಪಳಿಯು ಸುಳ್ಳನ್ನೂ ಸತ್ಯದಷ್ಟೇ ನಿಷ್ಠೆಯಿಂದ ಕಾಯುವುದೆಂಬ ಆಕ್ಷೇಪ ಸರಿಯೇ. ವೈದ್ಯನು ಎಡಗಣ್ಣಿನ ವ್ಯಾಧಿಯನ್ನು ಬಲಗಣ್ಣಿನದೆಂದು ಬರೆದರೆ ಆ ಪ್ರಮಾದವೂ ಭದ್ರ. ಆದರೆ ತಿದ್ದುಪಡಿಯ ಪಕ್ಕದಲ್ಲಿ ಹಳೆಯ ಬರಹವೂ ಉಳಿದಿರುವುದು, ನ್ಯಾಯ ಕೇಳಹೊರಟ ರೋಗಿಗೆ ಸಾಕ್ಷಿಯಾಗಿ ಒದಗೀತು. ನನ್ನನ್ನು ಕಾಡುವುದು ಇನ್ನೊಂದು. ಮೂಲಕಡತವನ್ನು ಅಳಿಸಿಹಾಕಿದ ಮೇಲೂ ಸರಪಳಿಯಲ್ಲುಳಿಯುವ ಗುರುತು, ಏನೆಂಬುದನ್ನು ಹೇಳಲಾರದಾದರೂ, ಏನೋ ಒಂದಿತ್ತೆಂಬಷ್ಟನ್ನು ಹೇಳುತ್ತಲೇ ಇರುತ್ತದೆ. ಸಮಸ್ತ ಕರ್ಮಗಳ ಕ್ಷಯವನ್ನೇ ಮೋಕ್ಷವೆಂದ ಜೈನಾಚಾರ್ಯರು ಇದನ್ನು ಪೂರ್ಣ ನಿರ್ಜರೆಯೆಂದು ಒಪ್ಪಲಾರರು.