ಅರಿಯದ ಭಾಷೆಗೂ ಕಾದಿಟ್ಟ ಜಾಗ

ಮಲೆನಾಡಿನ ಕಾಫಿ ತೋಟಗಳಲ್ಲಿ ಮಳೆಯ ಲೆಕ್ಕ ಬರೆದಿಡುವುದು ಹಳೆಯ ರೂಢಿ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು, ಇಷ್ಟು ಇಂಚು ಇಷ್ಟು ಸೆಂಟು ಎಂದು ಪುಸ್ತಕಕ್ಕೆ ಏರಿಸುತ್ತಾರೆ. ನೂರು ಸೆಂಟಿಗೆ ಒಂದಿಂಚು. ಕಳಸ, ಕೊಟ್ಟಿಗೆಹಾರದ ಕಡೆ ವರ್ಷದ ಮೊತ್ತ ನೂರು ಇಂಚು ದಾಟುವುದು ಮಾಮೂಲು. ಅಂಥ ಪುಸ್ತಕವನ್ನು ಡೇಟಾಬೇಸಿನಲ್ಲಿ ಇಟ್ಟರೆ ಅದು ಎರಡೇ ಕಾಲಮ್ಮಿನ ಕೋಷ್ಟಕ: ದಿನಾಂಕ ಮತ್ತು ಮಳೆ.

ಆರಿದ್ರಾ ಮಳೆಯಲ್ಲಿ, ಅಂದರೆ ಜೂನ್ ಕೊನೆಯ ವಾರದಿಂದ ಜುಲೈ ಮೊದಲ ವಾರದವರೆಗೆ, ಪ್ರತಿ ವರ್ಷ ಎಷ್ಟು ಸುರಿಯಿತು ಎಂದು ಕೇಳಿದರೆ ಎಸ್‌ಕ್ಯೂಎಲ್ ಭಾಷೆಯ ಒಂದೆರಡು ಸಾಲು ಉತ್ತರ ಕೊಡುತ್ತದೆ. ಏನು ಬೇಕೆಂದು ಹೇಳಿದರೆ ಸಾಕು, ಹೇಗೆ ಹುಡುಕಬೇಕೆಂದು ಹೇಳಬೇಕಾಗಿಲ್ಲ. ಎಡ್ಗರ್ ಕಾಡ್ 1970ರಲ್ಲಿ ರಿಲೇಷನಲ್ ಮಾದರಿಯನ್ನು ಮುಂದಿಟ್ಟಾಗ ಅದರೊಳಗಿದ್ದ ಸೊಗಸೇ ಇದು. ಆದರೆ ಬೆಳೆಗಾರರ ಮನಸ್ಸಿನ ಪ್ರಶ್ನೆ ಬೇರೆ ದಾರಿಯಲ್ಲಿ ನಡೆಯುತ್ತದೆ. ಮಾರ್ಚ್‌ನಲ್ಲೋ ಏಪ್ರಿಲ್‌ನಲ್ಲೋ ಒಂದಿಂಚು ಹೂಮಳೆ ಬಂತು, ಹೂವಾಯಿತು. ಅದಾದ ಎರಡು ಮೂರು ವಾರಗಳಲ್ಲಿ ಬ್ಯಾಕಿಂಗ್ ಮಳೆ ಬಂತೇ? ಬರದಿದ್ದರೆ ಆ ವರ್ಷದ ಕಾಯಿ ಹೇಗಿತ್ತು? ಇದಕ್ಕೆ ದಿನದಿಂದ ದಿನಕ್ಕೆ ಹೆಜ್ಜೆ ಹಾಕುತ್ತ, ಹಿಂದಿನದನ್ನು ನೆನಪಿಟ್ಟುಕೊಂಡು ಮುಂದಿನದನ್ನು ನೋಡಬೇಕು. ಹೀಗೆ ಹಂತ ಹಂತವಾಗಿ ಹೇಳುವ ಭಾಷೆಗಳನ್ನು ಪ್ರೊಸೀಜರಲ್ ಭಾಷೆಗಳು ಎನ್ನುತ್ತಾರೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಮುಕ್ತ ಡೇಟಾಬೇಸಿನಲ್ಲಿ ಅಂಥ ಭಾಷೆಗಳು ಹಲವಿವೆ, ಹೊಸದೊಂದನ್ನು ನಾವೇ ಸೇರಿಸಲೂಬಹುದು.

ಸೇರಿಸುವ ಬಗೆ ತಿಳಿದ ಮೇಲೆ ನನಗೆ ಹುಟ್ಟಿದ ಬೆರಗು ಇನ್ನೂ ಇಳಿದಿಲ್ಲ. ಪೋಸ್ಟ್‌ಗ್ರೆಸ್‌ನ ತಿರುಳಿಗೆ ಆ ಭಾಷೆಗಳಲ್ಲಿ ಒಂದೂ ಗೊತ್ತಿಲ್ಲ. ಪೈಥಾನ್ ಇರಲಿ, ಪರ್ಲ್ ಇರಲಿ, ಅದರ ಜೊತೆಯಲ್ಲೇ ಬರುವ ಪಿಎಲ್/ಪಿಜಿಎಸ್‌ಕ್ಯೂಎಲ್ ಕೂಡ ಅದಕ್ಕೆ ಅರ್ಥವಾಗುವುದಿಲ್ಲ. ನಾವು ಬರೆದ ಫಂಕ್ಷನ್ನಿನ ಒಡಲನ್ನು ಅದು ಬರೀ ಅಕ್ಷರಗಳ ಸಾಲಾಗಿ ಎತ್ತಿಡುತ್ತದೆ. ಯಾರಾದರೂ ಆ ಫಂಕ್ಷನ್ನನ್ನು ಕರೆದಾಗ, ಇದು ಯಾವ ಭಾಷೆಯದ್ದು ಎಂದು ಮಾತ್ರ ನೋಡಿ, ಆ ಭಾಷೆಯ ಹೆಸರಿನಲ್ಲಿ ನೋಂದಾಯಿತವಾದ ಒಂದು ಹ್ಯಾಂಡ್ಲರ್‌ಗೆ ಕೆಲಸ ಒಪ್ಪಿಸುತ್ತದೆ. ಹ್ಯಾಂಡ್ಲರ್ ಎಂದರೆ ಸಾಮಾನ್ಯವಾಗಿ ಸಿ ಭಾಷೆಯಲ್ಲಿ ಬರೆದ ಒಂದು ಫಂಕ್ಷನ್. ಎತ್ತಿಟ್ಟ ಸಾಲುಗಳನ್ನು ಓದಿ, ಅರ್ಥಮಾಡಿಕೊಂಡು, ನಡೆಸಿ, ಉತ್ತರವನ್ನು ಡೇಟಾಬೇಸಿನ ರೂಪಕ್ಕೆ ತಂದು ಕೈಗಿಡುವುದು ಅದರ ಹೊಣೆ.

ನಮ್ಮ ತೋಟಗಳಲ್ಲಿ ಮೇಸ್ತ್ರಿ ಮಾಡುವುದೂ ಇದನ್ನೇ. ತಮಿಳು ಮಾತಾಡುವವರು, ತುಳು ಮಾತಾಡುವವರು, ಈಚೆಗೆ ಅಸ್ಸಾಮಿನಿಂದ ಬಂದವರು, ಎಲ್ಲರ ಮಾತೂ ಸಾಹುಕಾರರಿಗೆ ಬರಬೇಕಿಲ್ಲ. ಆಯಾ ಗುಂಪಿನ ಮೇಸ್ತ್ರಿಗೆ ಬಂದರಾಯಿತು. ಸಂಜೆ ರೈಟರ ಪುಸ್ತಕಕ್ಕೆ ಏರುವ ಲೆಕ್ಕ ಮಾತ್ರ ಎಲ್ಲರದ್ದೂ ಒಂದೇ ಬಗೆಯದ್ದು.

ಹೊಸ ಭಾಷೆ ಸೇರಿಸುವುದೆಂದರೆ ಇಷ್ಟೆ: ಹ್ಯಾಂಡ್ಲರ್ ಬರೆದು, ಇಂಥ ಹೆಸರಿನ ಭಾಷೆಗೆ ಇದು ಹೊಣೆ ಎಂದು ಒಂದು ಆಜ್ಞೆ ಕೊಡುವುದು. ಪಿಜಿ_ಲ್ಯಾಂಗ್ವೇಜ್ ಎಂಬ ಕೋಷ್ಟಕದಲ್ಲಿ ಒಂದು ಸಾಲು ಹೆಚ್ಚುತ್ತದೆ. ಮಳೆಯ ಲೆಕ್ಕ ಒಂದು ಕೋಷ್ಟಕದಲ್ಲಿ ಇರುವಂತೆಯೇ, ತಾನು ಆಡಿಸಬಲ್ಲ ಭಾಷೆಗಳ ಪಟ್ಟಿಯನ್ನೂ ಡೇಟಾಬೇಸ್ ಇನ್ನೊಂದು ಕೋಷ್ಟಕದಲ್ಲಿ ಇಟ್ಟುಕೊಂಡಿದೆ. ತನ್ನ ಬಗೆಗಿನ ತಿಳಿವಳಿಕೆಯನ್ನೂ ಉಳಿದೆಲ್ಲ ಮಾಹಿತಿಯ ಸಾಲಿಗೇ ಸೇರಿಸಿಟ್ಟ ಆ ನಿರ್ಧಾರದಿಂದಲೇ ಅದಕ್ಕೆ ಬೆಳೆಯುವ ಶಕ್ತಿ ಬಂದಿದೆ.

ಮೈಕೆಲ್ ಸ್ಟೋನ್‌ಬ್ರೇಕರ್ ಅವರ ಮುಂದಾಳತ್ವದಲ್ಲಿ 1986ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಪೋಸ್ಟ್‌ಗ್ರೆಸ್ ಶುರುವಾದಾಗ ಅದು ಆಡುತ್ತಿದ್ದದ್ದು ಪೋಸ್ಟ್‌ಕ್ವೆಲ್ ಎಂಬ ಬೇರೆಯೇ ಭಾಷೆ. 1994ರಲ್ಲಿ ಆಂಡ್ರ್ಯೂ ಯು ಮತ್ತು ಜಾಲಿ ಚೆನ್ ಎಂಬ ಇಬ್ಬರು ವಿದ್ಯಾರ್ಥಿಗಳು ಅದರ ಜಾಗಕ್ಕೆ ಎಸ್‌ಕ್ಯೂಎಲ್ ತಂದರು. ತಾನು ಹುಟ್ಟಿದ ಭಾಷೆಯನ್ನೇ ಬಿಟ್ಟು ಬದುಕಿದ ವ್ಯವಸ್ಥೆ ಇದು. 1998ರಲ್ಲಿ ಯಾನ್ ವೀಕ್ ಅವರ ಪಿಎಲ್/ಪಿಜಿಎಸ್‌ಕ್ಯೂಎಲ್ ಬಂತು. ಅದಕ್ಕೂ ಒಳಬಾಗಿಲಿನ ಸಲುಗೆ ಸಿಗಲಿಲ್ಲ, ಉಳಿದ ಭಾಷೆಗಳಂತೆ ಹ್ಯಾಂಡ್ಲರ್ ಮೂಲಕವೇ ಬಂತು. ಜಾವಾಸ್ಕ್ರಿಪ್ಟ್ ನಡೆಸುವ ಗೂಗಲ್‌ನ ವಿ8 ಎಂಜಿನ್ ಹೊರಬಂದದ್ದು 2008ರಲ್ಲಿ, ರಸ್ಟ್ ಭಾಷೆಯ ಮೊದಲ ಸ್ಥಿರ ಆವೃತ್ತಿ 2015ರಲ್ಲಿ. ಆ ದಾರಿ ತೆರೆದಾಗ ಇವೆರಡೂ ಇರಲೇ ಇಲ್ಲ. ಇಂದು ಎರಡೂ ಅದೇ ದಾರಿಯಲ್ಲಿ ಬಂದು ಕೋಷ್ಟಕಗಳನ್ನು ಓದುತ್ತಿವೆ. ಇನ್ನೂ ಹುಟ್ಟದವರ ಹೆಸರಿಗೆ ಪಟ್ಟಿಯಲ್ಲಿ ಜಾಗ ಬಿಟ್ಟವರ ಮನಸ್ಸು ಎಷ್ಟು ದೊಡ್ಡದಿರಬೇಕು!

ಈ ಔದಾರ್ಯ ಕುರುಡಲ್ಲ. ಭಾಷೆಯನ್ನು ನೋಂದಾಯಿಸುವಾಗಲೇ ಅದು ನಂಬಬಹುದಾದದ್ದೋ ಅಲ್ಲವೋ ಎಂದು ಗುರುತಿಸಬೇಕು. ಸರ್ವರಿನ ಫೈಲುಗಳಿಗೆ ಕೈಹಾಕಲಾಗದಂತೆ ಕಟ್ಟಿದ ಭಾಷೆಯನ್ನು ಸಾಮಾನ್ಯ ಬಳಕೆದಾರರೂ ಬಳಸಬಹುದು, ಆ ಕಟ್ಟು ಇಲ್ಲದ ಭಾಷೆಯಲ್ಲಿ ಫಂಕ್ಷನ್ ಬರೆಯುವ ಹಕ್ಕು ಸೂಪರ್‌ಯೂಸರ್‌ಗೆ ಮಾತ್ರ. ಪೈಥಾನ್ ತನ್ನೊಳಗಿದ್ದ ನಿರ್ಬಂಧದ ವ್ಯವಸ್ಥೆಯನ್ನು 2003ರಲ್ಲಿ ಕೈಬಿಟ್ಟಿತು. ಅಂದಿನಿಂದ ಪೋಸ್ಟ್‌ಗ್ರೆಸ್‌ನಲ್ಲಿ ಅದು ಎರಡನೆಯ ಸಾಲಿನಲ್ಲಿದೆ. ಮನೆಯಿಂದ ಹೊರಗೆ ಹಾಕಲಿಲ್ಲ, ಎಲ್ಲಿಯವರೆಗೆ ಬರಬಹುದೆಂದು ಗೆರೆ ಎಳೆದರು. ಗೊತ್ತಿಲ್ಲದವರನ್ನು ದೂರವಿಡುವುದಕ್ಕೂ ಗೊತ್ತಿಲ್ಲದೆಯೇ ಒಪ್ಪಿಕೊಳ್ಳುವುದಕ್ಕೂ ನಡುವೆ ಇಂಥ ಒಂದು ವಿವೇಕವಿದೆ ಎಂಬುದನ್ನು ಯಂತ್ರದೊಳಗೆ ಬರೆದಿಟ್ಟವರು ಮನುಷ್ಯರೇ.

ಹಾಗಾದರೆ ಕನ್ನಡ? ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯಲ್ಲಿದ್ದುಕೊಂಡೇ ಕಂಪ್ಯೂಟರಿನಲ್ಲಿ ಕನ್ನಡ ನೆಲೆಯೂರಬೇಕೆಂದು ಹಟ ಹಿಡಿದವರು. 2007ರಲ್ಲಿ ಅವರು ತೀರಿಕೊಂಡರು. ಅಂದು ಅಕ್ಷರ ಮೂಡಿಸುವುದೇ ದೊಡ್ಡ ಪಾಡಾಗಿತ್ತು. ಇಂದು ಯೂನಿಕೋಡ್‌ನಿಂದಾಗಿ ಆ ತೊಡಕು ಬಹುಮಟ್ಟಿಗೆ ಕಳೆದಿದೆ. ಪೋಸ್ಟ್‌ಗ್ರೆಸ್‌ನಲ್ಲಿ ಕೋಷ್ಟಕಕ್ಕೆ "ಮಳೆ" ಎಂದೇ ಹೆಸರಿಡಬಹುದು. ಹೆಸರಿಗೆ ಅದು ಬಿಟ್ಟಿರುವ ಜಾಗ 63 ಬೈಟು, ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು ಬೇಕು. ಅಲ್ಲಿಗೆ 21 ಸಂಕೇತಗಳು, ಆಗುಂಬೆ, ಕಳಸ, ಬಾಳೆಹೊನ್ನೂರು ಯಾವುದೂ ಅಷ್ಟು ಉದ್ದವಿಲ್ಲ.

ಮುಂದಿನ ಹೆಜ್ಜೆ ಆಜ್ಞೆಯೇ ಕನ್ನಡದಲ್ಲಿರುವುದು. "ಮಳೆ ನೂರು ಸೆಂಟು ದಾಟಿದರೆ ದಿನಾಂಕವನ್ನು ನೆನಪಿಡು" ಎಂಬ ವಾಕ್ಯವನ್ನೇ, ಅದಕ್ಕೆಂದು ನೋಂದಾಯಿಸಿದ ಭಾಷೆಯ ಫಂಕ್ಷನ್ನಿನ ಒಡಲಾಗಿ ಬರೆದು ಕೊಟ್ಟರೆ ಪೋಸ್ಟ್‌ಗ್ರೆಸ್ ತಕರಾರು ಮಾಡುವುದಿಲ್ಲ. ಇದೇನೆಂದು ಕೇಳುವುದೂ ಇಲ್ಲ, ಎತ್ತಿಟ್ಟುಕೊಂಡು ಹ್ಯಾಂಡ್ಲರನ್ನು ಹುಡುಕುತ್ತದೆ. ಕಷ್ಟವೆಲ್ಲ ಹ್ಯಾಂಡ್ಲರ್ ಬರೆಯುವವರದ್ದು. ಷರತ್ತು ಕ್ರಿಯಾಪದದ ಬಾಲದಲ್ಲಿ ಅಂಟಿಕೊಂಡಿರುವ, ಆಜ್ಞೆ ವಾಕ್ಯದ ಕೊನೆಯಲ್ಲಿ ಬರುವ ನಮ್ಮ ನುಡಿಯ ನಡೆಯನ್ನು ಬಿಡಿಸಿ ಓದುವ ಕೋಡ್ ಅವರು ಬರೆಯಬೇಕು. ಬಹಳ ದುಡಿಮೆ ಬೇಡುವ ಕೆಲಸವದು. ಆದರೆ ಅಪ್ಪಣೆ ಕೇಳಬೇಕಾದ ಕೆಲಸವಲ್ಲ.

ನನ್ನ ಬೆರಗು ಕೊನೆಗೆ ಬಂದು ನಿಲ್ಲುವುದು ಇಲ್ಲೇ. ಎಲ್ಲವನ್ನೂ ತಿಳಿದು ಕಟ್ಟಿದ ವ್ಯವಸ್ಥೆ ತಿಳಿದಷ್ಟಕ್ಕೇ ನಿಲ್ಲುತ್ತದೆ. ತನಗೆ ತಿಳಿಯದ್ದು ಬಂದೇ ಬರುತ್ತದೆ ಎಂದು ಒಪ್ಪಿ ಕಟ್ಟಿದ್ದು ಕಟ್ಟಿದವರ ಕಾಲವನ್ನೂ ದಾಟುತ್ತದೆ. ಪೋಸ್ಟ್‌ಗ್ರೆಸ್‌ನ ಕೋಡ್ ಎಲ್ಲರಿಗೂ ತೆರೆದಿದೆ, ಹ್ಯಾಂಡ್ಲರ್ ಬರೆಯುವುದು ಹೇಗೆಂದು ಅದರ ಕೈಪಿಡಿಯಲ್ಲಿ ಒಂದು ಅಧ್ಯಾಯವೇ ಇದೆ. ಚಿಕ್ಕಮಗಳೂರಿನ ಯಾವುದೋ ಕಾಲೇಜಿನ ಹುಡುಗಿಯೊಬ್ಬಳು ಅದನ್ನು ಓದಿ ಕೆಲಸಕ್ಕೆ ಕೂತರೆ ಸಾಕು. ಅವಳ ಭಾಷೆ ಬರ್ಕ್ಲಿಯವರಿಗೆ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ.